ಟೇಪಕ್ಕನ ಕೋಳಿಗೂಡಿನ ಎತ್ತರ

ಬೆಳಗಿನ ಹೊತ್ತು ನಮ್ಮ ಸೋದರತ್ತೆಯನ್ನು ನೋಡಲು ಬಂದವರಿಗೆ ಅವಳು ಅರ್ಧ ಮಾತ್ರ ಸಿಗುತ್ತಿದ್ದಳು. ಇನ್ನರ್ಧ ಕೋಳಿಗೂಡಿನ ಒಳಗಿರುತ್ತಿತ್ತು.

ಹಿತ್ತಲ ಮೆಟ್ಟಿಲಿನ ಕೆಳಗಿನ ಸಂದಿಗೆ ತಗಡು ಹೊಡೆದು ಮಾಡಿದ ಗೂಡು ಅದು. ಬಾಗಿಲು ಮೊಣಕಾಲೆತ್ತರ. ಒಳಗಿನ ಹಿಕ್ಕೆ ಕೆರೆದು ತೆಗೆಯಬೇಕೆಂದರೆ ಸೊಂಟದಲ್ಲಿ ಎರಡಾಗಿ ಮಡಚಿಕೊಂಡು ತಲೆಯನ್ನೂ ಭುಜವನ್ನೂ ಎರಡೂ ಕೈಗಳನ್ನೂ ಒಳಗೆ ತೂರಿಸಬೇಕು. ಹಾಗಾಗಿ ಮೊಟ್ಟೆಗೆ ಬಂದವರು ಅತ್ತೆಯ ಹಿಂಭಾಗವನ್ನೇ ಮಾತಾಡಿಸಿ ಹೋಗುವುದು ರೂಢಿಯಾಗಿತ್ತು.

"ಟೇಪಕ್ಕಾ, ಮೊಟ್ಟೆ ಇದೆಯಾ?" ಎಂದು ಪಕ್ಕದ ಮನೆಯ ನರ್ಸಮ್ಮ ಕೇಳಿದರೆ ತಗಡಿನೊಳಗಿಂದ ಗುಂಯ್‌ಗುಟ್ಟುವ ದನಿ ಬರುತ್ತಿತ್ತು: "ಅಡುಗೆಮನೆ ಕಿಟಕೀಲಿದೆ, ತಗೊಳ್ಳಿ. ದೊಡ್ಡದನ್ನೇ ಆರಿಸ್ಕೋಬೇಡಿ, ನನಗೆ ಗೊತ್ತಾಗುತ್ತೆ."

"ಒಳಗಿದ್ದೋರಿಗೆ ಹೇಗೆ ಗೊತ್ತಾಗುತ್ತೆ?"

"ನಿಮ್ಮ ಕೈ ನನಗೆ ಗೊತ್ತಿಲ್ವಾ?"

ಗೊತ್ತಿತ್ತು. ನರ್ಸಮ್ಮನ ಕೈಯ ಸುತ್ತಳತೆ, ತೋಳಿನ ಉದ್ದ, ಒಂದು ಭುಜ ಇನ್ನೊಂದಕ್ಕಿಂತ ಚೂರು ಇಳಿದಿರುವುದು, ಎಲ್ಲವೂ ಅವಳಿಗೆ ಗೊತ್ತಿತ್ತು. ನಮ್ಮ ಬೀದಿಗೂ ಅದರಾಚೆಯ ಇನ್ನೆರಡು ಬೀದಿಗಳಿಗೂ ಅತ್ತೆ ದರ್ಜಿಯಾಗಿದ್ದಳು. ಶಾಲೆಯ ಸಮವಸ್ತ್ರ, ಅಂಗಿ, ಲಂಗ, ಪರದೆ, ದಿಂಬಿನ ಚೀಲ, ಯಾವುದನ್ನೂ ಒಲ್ಲೆ ಎಂದವಳಲ್ಲ. ಮುಂದಿನ ಕೋಣೆಯ ಬಾಗಿಲ ಚೌಕಟ್ಟಿನ ಪಕ್ಕ ಗಿರಾಕಿಯನ್ನು ನಿಲ್ಲಿಸಿ, ಕತ್ತಿನಲ್ಲಿ ನೇತಾಡುವ ಟೇಪನ್ನು ಎಳೆದು ಸುತ್ತಿ, ಒಂದು ಸಲ ನೋಡಿದರೆ ಮುಗಿಯಿತು. ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಬಾಯಿಬಿಟ್ಟು ಹೇಳುವ ಪದ್ಧತಿಯಂತೂ ಮೊದಲೇ ಇಲ್ಲ. ಊರಿನ ಅರ್ಧ ಜನರ ಹೊಟ್ಟೆಯ ಗುಟ್ಟು ಅವಳ ತಲೆಯಲ್ಲಿತ್ತು. ಒಬ್ಬರದ್ದೂ ಆಚೆ ಬರಲಿಲ್ಲ. ಜಗಳದಲ್ಲಿ ಕೂಡ.

ಅವಳ ಟೇಪು ಸುತ್ತದ ಮೈ ಒಂದೇ ಒಂದು ಉಳಿದಿತ್ತು, ಅವಳದ್ದು. ತನ್ನ ಬಟ್ಟೆಯನ್ನು ಅವಳು ಒಂದು ಹಳೆಯ ಅಳತೆ ಬಟ್ಟೆ ಇಟ್ಟುಕೊಂಡು ಹೊಲಿಯುತ್ತಿದ್ದಳು. ಅದು ಮದುವೆಯಾದ ಹೊಸತರಲ್ಲಿ ಹೊಲಿದದ್ದು. ಹೊಸ ಬಟ್ಟೆ ಹಾಕಿಕೊಂಡಾಗ ಎಲ್ಲಾದರೂ ಬಿಗಿಯಾದರೆ ಬಟ್ಟೆ ಕುಗ್ಗಿದೆ ಎನ್ನುತ್ತಿದ್ದಳು. ಉದ್ದವಾದರೆ ಬಟ್ಟೆ ಹಿಗ್ಗಿದೆ ಎನ್ನುತ್ತಿದ್ದಳು. ಮೈ ಮಾತ್ರ ಇದ್ದಲ್ಲೇ ಇತ್ತು.

ಕಾಲೇಜಿಗೆ ಹತ್ತಿರವೆಂದು ನಾನು ಅತ್ತೆಯ ಮನೆಗೆ ಬಂದು ಸೇರಿದಾಗ ಹೊಲಿಗೆ ಮಿಷನ್ನಿನ ಮೇಲೆ ಹೂವಿನ ಮುಸುಕು ಬಿದ್ದಿತ್ತು. ಅದರ ಮೇಲೆ ಬಿಸ್ಕತ್ತಿನ ಡಬ್ಬಿ ಬಂದು ಕೂತಿತ್ತು. ಅಷ್ಟು ವರ್ಷ ಸೂಜಿಯ ಬಾಯಿಗೆ ಕಣ್ಣು ನೆಟ್ಟು ಬಗ್ಗಿ ಕೂತ ಬೆನ್ನು ಕೊನೆಗೂ ಮುಷ್ಕರ ಹೂಡಿತ್ತು. ಮೂಳೆ ಡಾಕ್ಟರು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರಕ್ಕೆ ಕೋಲು ಮುಟ್ಟಿಸಿ, ಇಲ್ಲಿ ಸವೆದಿದೆ, ಇಲ್ಲಿ ಒತ್ತಿದೆ ಎಂದು ತೋರಿಸಿ, "ಇನ್ನು ಬಗ್ಗೋ ಹಾಗಿಲ್ಲ" ಎಂದಿದ್ದರು. ಅತ್ತೆ ಆ ಅಸ್ಥಿಪಂಜರವನ್ನು ಮೇಲಿಂದ ಕೆಳಗೆ ನೋಡಿ, "ಭುಜ ಸರಿಯಾಗಿದೆ, ಅಂಗಿ ಚೆನ್ನಾಗಿ ಕೂರುತ್ತೆ" ಎಂದಳಂತೆ. ಮನೆಗೆ ಬಂದು ಮಿಷನ್ನಿಗೆ ಮುಸುಕು ಹಾಕಿದಳು. 

ಮುಂದಿನ ವಾರ ಕೋಳಿಗಳು ಬಂದವು.

ಕೈ ಸುಮ್ಮನಿರುವುದಿಲ್ಲವಲ್ಲ. ಟೇಪನ್ನು ಅವಳು ಕತ್ತಿನಿಂದ ತೆಗೆಯಲಿಲ್ಲ. ಕೋಳಿಗಳಿಗೆ ಹೆಸರಿಟ್ಟಿದ್ದೂ ಬಟ್ಟೆಯ ಅಂಗಡಿಯಿಂದಲೇ. ಕಪ್ಪಗೆ ಮಿಂಚುವವಳು ಮಖಮಲ್ಲು. ಬಿಳಿಯವಳು ಪಾಪ್ಲಿನ್. ಬೂದು ಬಣ್ಣದ, ಬಟ್ಟೆಯ ಒಳಪದರದಂತೆ ಯಾರ ಕಣ್ಣಿಗೂ ಬೀಳದ, ಆದರೆ ತಪ್ಪದೆ ಮೊಟ್ಟೆಯಿಡುವವಳು ಅಸ್ತರು. ಕುತ್ತಿಗೆಯ ಸುತ್ತ ಗರಿ ಉದುರಿ ಬೋಳಾದವಳಿಗೆ 'ಸೇಲು' ಎಂದು ಹೆಸರು. ಇವರ ಮನೆ ಗುಡಿಸುವುದು ಅತ್ತೆಯ ಕೆಲಸ. ಬೇರೆಯವರಿಗೆ ಬಿಡುತ್ತಿರಲಿಲ್ಲ. ನಾನೊಮ್ಮೆ ಅವಳು ಏಳುವ ಮೊದಲೇ ಗೂಡು ಬಳಿದು ತೊಳೆದು ಬಂದೆ. ಅವಳು ಕಾಫಿ ಕುಡಿದು ಹೋಗಿ ಇಣುಕಿ ನೋಡಿದಳು.

"ಚೆನ್ನಾಗಿ ಮಾಡಿದ್ದೀಯ ಕಣೇ" ಎಂದಳು.

ಹಾಗೆಂದವಳು ಮಡಚಿಕೊಂಡು ಒಳಗೆ ನುಗ್ಗಿ ಮೊದಲಿಂದ ಎಲ್ಲವನ್ನೂ ಕೆರೆದಳು.

ಮಾವನಿಗೆ ಈ ಕೆಲಸ ವಹಿಸುವ ಹಾಗೆಯೇ ಇರಲಿಲ್ಲ. ಅವರು ಬಡಗಿ. ದಿನವಿಡೀ ಮರದ ಹೊಟ್ಟಿನ ನಡುವೆ ಉಸಿರಾಡುವ ಮನುಷ್ಯ. ಆದರೆ ಕೋಳಿಯ ಗರಿ ಗಾಳಿಯಲ್ಲಿ ಅಲ್ಲಾಡಿದರೆ ಸಾಕು, ಸೀನು ಶುರುವಾಗುತ್ತಿತ್ತು. ಒಂದು ಸೀನಿಗೆ ಇನ್ನೊಂದು ಕೊಂಡಿ ಹಾಕಿಕೊಂಡು ಬರುತ್ತಿತ್ತು. ಬೀದಿಯವರು "ಬಡಗಿ ಇವತ್ತು ಹಿತ್ತಲ ಕಡೆ ಹೋಗಿದ್ದಾನೆ" ಎಂದು ಗುರುತಿಸುತ್ತಿದ್ದರು.

ಆ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಗೂಡಿನಿಂದ ಹಿಂದೆ ಹಿಂದೆ ಸರಿಯುತ್ತ ಆಚೆ ಬಂದಳು. ಬಂದವಳು ನೆಟ್ಟಗಾಗಲಿಲ್ಲ. ಗೂಡಿನೊಳಗೆ ಯಾವ ಆಕಾರದಲ್ಲಿದ್ದಳೋ ಅದೇ ಆಕಾರದಲ್ಲಿ ನಿಂತಿದ್ದಳು.

"ಅತ್ತೆ?"

"ಏನಿಲ್ಲ. ಸೂಜಿ ಬಿತ್ತು, ಹುಡುಕ್ತಿದ್ದೀನಿ."

"ಗೂಡಿಗೆ ಸೂಜಿ ಯಾಕೆ ತಗೊಂಡು ಹೋಗಿದ್ದೆ?"

"ಕಾಲೇಜಿಗೆ ಹೋಗೋಕೆ ಶುರು ಮಾಡಿದ ಮೇಲೆ ಪ್ರಶ್ನೆ ಜಾಸ್ತಿಯಾಗಿದೆ ನಿಂದು" ಎಂದು ನೆಲಕ್ಕೆ ಹೇಳಿದಳು. ಹಾಗೆಯೇ ಅಂಗಳ ದಾಟಿ, ಹೊಸ್ತಿಲು ದಾಟಿ, ಎದುರಿಗೆ ಬಂದ ಮಾವನ ಚಪ್ಪಲಿಯ ತನಕ ಹೋಗಿ ನಿಂತಳು. ಮಾವ ಅವಳ ತಲೆಯ ಮೇಲಿನಿಂದ ನನ್ನನ್ನು ನೋಡಿದರು. ನಾವಿಬ್ಬರೂ ಸೇರಿ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿದೆವು. ಮಲಗಿಸಿದ ಮೇಲೂ ಮೊಣಕಾಲುಗಳು ಮೇಲೆಯೇ ಇದ್ದವು. ಅವಳ ಹಣೆಯ ಮೇಲೆ ಬೆವರು ಸಣ್ಣಗೆ, ಕಾಳುಕಾಳಾಗಿ ನಿಂತಿತ್ತು. ಅವಳು ತಾರಸಿ ನೋಡುತ್ತ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

ಎರಡು ದಿನ ಕಳೆದು ಅವಳು ನೆಟ್ಟಗಾದಾಗ ಮಾವ ತಮ್ಮ ತೀರ್ಪು ಹೇಳಿದರು. ಮಾವ ಮಾತಿನಲ್ಲಿ ಕಂಜೂಸು. ಹೇಳಿದ್ದು ಇಷ್ಟೆ: "ಕೋಳಿ ಅಂಗಡಿಯವನಿಗೆ ಹೇಳಿದ್ದೀನಿ. ಬರೋ ತಿಂಗಳ ಮೊದಲ ಭಾನುವಾರ ಬರ್ತಾನೆ."

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಯಾಕೆ ಬರ್ತಾನೆ? ಮೊಟ್ಟೆಗಾ?"

"ಕೋಳಿಗೆ."

 ಅತ್ತೆ ಅಳುವವಳಲ್ಲ, ಬೇಡುವವಳೂ ಅಲ್ಲ. ಆದರೆ ಆ ಮುಸುಕು ಹಾಕಿದ ಮಿಷನ್ನಿನ ಕಡೆ ಅವಳ ಕಣ್ಣು ಒಮ್ಮೆ ಹೋಗಿ ಬಂದದ್ದನ್ನು ನಾನು ನೋಡಿದೆ, ಮಾವನೂ ನೋಡಿದರು.

"ನನ್ನನ್ನ ಬಗ್ಗಿಸೋದು ಕೋಳಿಗಳಲ್ಲ, ಗೂಡು" ಎಂದಳು. "ಡಾಕ್ಟ್ರು ಬಗ್ಗಬೇಡಿ ಅಂದ್ರು, ಕೋಳಿ ಸಾಕಬೇಡಿ ಅಂದ್ರಾ? ಬಗ್ಗದೇ ಇರೋ ಹಾಗೆ ಒಂದು ಗೂಡು ಮಾಡ್ಕೊಡಿ. ಊರಿಗೆಲ್ಲಾ ಬಾಗಿಲು ಮಾಡ್ತೀರಿ, ನನ್ನ ಕೋಳಿಗೆ ಒಂದು ಮಾಡೋಕಾಗಲ್ವಾ?"

ಮಾವ ಯೋಚಿಸಿದರು. "ಮಾಡ್ತೀನಿ. ಅದರಲ್ಲೂ ನಿನಗೆ ನೋವಾಯ್ತು ಅಂದ್ರೆ ಭಾನುವಾರದ ಮಾತು ಮಾತೇ."

"ನೋವಾದ್ರೆ ತಾನೆ!"

ಊಟ ಮುಗಿದ ಮೇಲೆ ಮಾವ ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. "ಎತ್ತರ ನೋಡ್ಬೇಕು. ಎದ್ದು ನಿಲ್ಲು, ಅಳೀತೀನಿ."

"ಯಾರನ್ನ? ನನ್ನನ್ನಾ?" ಅತ್ತೆಗೆ ನಗು ಬಂತು. "ಅಳೀತಾರಂತೆ! ಬಾಗಿಲು ಕಿಟಕಿ ಅಳೆಯೋ ಕೈಯಲ್ಲಿ! ನೆಲದಿಂದ ನನ್ನ ಮೊಣಕೈಗೆ ನಲವತ್ತು ಇಂಚು. ಬರ್ಕೊಳ್ಳಿ."

"ಯಾವಾಗ ನೋಡಿದ್ದು?"

"ನನ್ನ ಅಳತೆ ನನಗೆ ಗೊತ್ತಿಲ್ವಾ?"

ಬೀದಿಯಲ್ಲಿ ಯಾರಾದರೂ ಈ ವಾದದ ಎದುರು ನಿಲ್ಲಬಹುದಿತ್ತೇ? ಮಾವ ಬರೆದುಕೊಂಡರು.

ಮುಂದಿನ ಕೆಲವು ದಿನ ಅವರ ಕಾರ್ಖಾನೆಯಲ್ಲಿ, ಅಂದರೆ ಬೀದಿಯ ಕೊನೆಯ ಶೆಡ್ಡಿನಲ್ಲಿ, ಬೇರೆಯವರ ಕಿಟಕಿಗಳು ಗೋಡೆಗೆ ಒರಗಿಕೊಂಡು ಕಾದವು. ನಾನು ಸಂಜೆ ಚಹಾ ಒಯ್ದಾಗ ನೋಡುತ್ತಿದ್ದೆ. ಮಾವನಿಗೆ ಗೂಡು ಮಾಡಿ ಗೊತ್ತಿಲ್ಲ. ಬೀರು ಮಾಡಿ ಗೊತ್ತು. ಹಾಗಾಗಿ ಕೋಳಿಗಳಿಗೆ ಬೀರು ತಯಾರಾಯಿತು. ನಾಲ್ಕು ಕಾಲಿನ ಮೇಲೆ ಪೆಟ್ಟಿಗೆ. ಮುಂದೆ ಜೋಡಿ ಬಾಗಿಲು, ಅರ್ಧಕ್ಕೆ ಜಾಲರಿ. ಒಳಗೆ ಕೋಳಿಗಳು ಕೂರಲು ಅಡ್ಡಕೋಲು, ಅದರ ಕೆಳಗೆ ಇಡೀ ಅಗಲಕ್ಕೆ ಒಂದು ಡ್ರಾಯರ್. ರಾತ್ರಿಯ ಹಿಕ್ಕೆಯೆಲ್ಲ ಅದರಲ್ಲಿ ಬೀಳಬೇಕು. ಬೆಳಿಗ್ಗೆ ಹಿಡಿ ಹಿಡಿದು ಎಳೆದರೆ ಸಾಕು. ಹಿಡಿ ಹಿತ್ತಾಳೆಯದು. ಬಾಗಿಲಿಗೆ ಬೀಗದ ಕೈ ಕೂಡ ಇತ್ತು.

"ಕನ್ನಡಿ ಒಂದು ಕಮ್ಮಿ ಮಾವ" ಎಂದೆ.

"ಎಲ್ಲಿ ಹಾಕಲಿ?" ಎಂದು ನಿಜವಾಗಿಯೂ ಕೇಳಿದರು.

ಕಾಲು ಕೊಯ್ಯುವಾಗ ಅವರು ನಲವತ್ತರ ಗುರುತು ಹಾಕಿ, ಅದರ ಮೇಲೆ ಒಂದು ಬೆರಳಗಲ ಬಿಟ್ಟು ಗರಗಸ ಇಟ್ಟರು. ನಾನು ಯಾಕೆಂದು ಕೇಳಿದೆ.

"ಹೆಚ್ಚಾದ್ರೆ ಕೊಯ್ಯಬಹುದು. ಕೊಯ್ದ ಮೇಲೆ ಬೇಕು ಅಂದ್ರೆ ಮರ ಬೆಳೆಯುತ್ತಾ?"

ಅತ್ತೆಯೂ ಹಾಗೆಯೇ, ಬೆಳೆಯುವ ಮಕ್ಕಳ ಅಂಗಿಯ ಒಳಗೆ ಬಟ್ಟೆ ಮಡಚಿ ಬಿಡುವವಳು. ಈ ನಲವತ್ತರ ಒಳಗೂ ಅವಳು ಏನಾದರೂ ಮಡಚಿಟ್ಟಿರಬಹುದೇ ಎಂದು ನನಗೆ ಹೊಳೆಯಿತು. ಆದರೆ ಹೇಳಲಿಲ್ಲ. ಇಬ್ಬರು ಕಸುಬುದಾರರ ಮಧ್ಯೆ ಮಾತಾಡಿ ಬೈಸಿಕೊಳ್ಳುವ ಆಸೆ ಯಾರಿಗಿರುತ್ತದೆ?

ಗೂಡು ತಳ್ಳುಗಾಡಿಯ ಮೇಲೆ ಬಂತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. "ಯಾರ ಮದುವೆ?" ಎಂದು ನರ್ಸಮ್ಮ ಕೇಳಿದರು. "ಅಸ್ತರುದು" ಎಂದಳು ಅತ್ತೆ, ಗಂಭೀರವಾಗಿ. ಹಿತ್ತಲಲ್ಲಿ ಇಳಿಸಿ, ಕೋಳಿಗಳು ಹತ್ತಲು ಹಲಗೆ ಒರಗಿಸಿದ್ದಾಯಿತು. ಮಖಮಲ್ಲು ಹಲಗೆಯ ಬುಡದಲ್ಲಿ ನಿಂತು, ಕತ್ತು ಓರೆ ಮಾಡಿ ತುದಿಯನ್ನು ನೋಡಿ, ನಮ್ಮನ್ನು ನೋಡಿ, ಮತ್ತೆ ತುದಿಯನ್ನು ನೋಡಿತು. ಬೆಟ್ಟದ ಕೆಳಗೆ ನಿಂತ ವಯಸ್ಸಾದ ಯಾತ್ರಿಕಳಂತಿತ್ತು.

ಅತ್ತೆ ಡ್ರಾಯರಿನ ಮುಂದೆ ಹೋಗಿ ನಿಂತಳು. ಮೊಣಕೈಗೆ ಬರಬೇಕಾದ ಡ್ರಾಯರು ಅವಳ ಎದೆಗೆ ಬಂದಿತ್ತು. ಹಿಡಿ ಹಿಡಿಯಲು ಕೈ ಎತ್ತಿದಳು. ಒಳಗೆ ನೋಡಲು ಹಿಮ್ಮಡಿ ಎತ್ತಿದಳು. ಎತ್ತುವಾಗ ಅವಳ ಮುಖದ ಮೇಲೆ ಒಂದು ಸಣ್ಣ ಗೆರೆ ಓಡಿ ಮಾಯವಾಯಿತು.

"ಹೇಗಿದೆ?" ಮಾವ ಕೇಳಿದರು.

ಅವಳು ತಿರುಗಿ ನಕ್ಕಳು. ಮೊದಲ ಭಾನುವಾರಕ್ಕೆ ಇನ್ನೂ ಸಮಯವಿತ್ತು. ಆದರೆ ಆ ಭಾನುವಾರ ಆಗಲೇ ಬಂದು ಬೇಲಿಯ ಆಚೆ ನಿಂತಂತೆ ನನಗೆ ಕಂಡಿತು.

"ಬೆಣ್ಣೆ ಥರ ಇದೆ" ಎಂದಳು.

ಮರುದಿನದಿಂದ ಹೊಲಿಗೆಯ ಸ್ಟೂಲು ಹಿತ್ತಲಿಗೆ ಹೋಯಿತು. ಮಾವ ಶೆಡ್ಡಿಗೆ ಹೊರಟ ಮೇಲೆ ಅತ್ತೆ ಅದನ್ನು ಕಾಲಿನಿಂದ ತಳ್ಳಿಕೊಂಡು ಹೋಗಿ, ಹತ್ತಿ ನಿಂತು, ಡ್ರಾಯರು ಎಳೆದು ಬಳಿಯುತ್ತಿದ್ದಳು. ಮೊದಲು ಬಗ್ಗಿ ನೋಯುತ್ತಿದ್ದ ಬೆನ್ನು ಈಗ ಹತ್ತಿ ಇಳಿದು ನೋಯುತ್ತಿತ್ತು. ಇನ್ನೊಂದು ತೊಂದರೆಯೆಂದರೆ ಡ್ರಾಯರು ಮೇಜಿನಷ್ಟು ಅಗಲ. ತುಂಬಿದಾಗ ಅದನ್ನು ಹೊರಗೆಳೆದು ಹಿಡಿಯಲು ಇಬ್ಬರು ಬೇಕು. ನಾನು ಒಂದು ತುದಿ ಹಿಡಿಯಲು ಹೋದರೆ, "ಬಿಡೇ, ನಿನ್ನ ಕಾಲೇಜಿಗೆ ಹೊತ್ತಾಯ್ತು" ಎನ್ನುತ್ತಿದ್ದಳು. ಕಾಲೇಜಿಗೆ ಅವತ್ತು ರಜ ಎಂದರೆ, "ರಜದಲ್ಲಿ ಓದ್ಕೋ."

"ಮಾವನಿಗೆ ಹೇಳು ಅತ್ತೆ. ಕಾಲು ಕೊಯ್ದು ಕೊಡ್ತಾರೆ, ಅಷ್ಟೆ ತಾನೆ."

"ನಲವತ್ತು ಅಂದೋಳು ನಾನು. ಈಗ ನಲವತ್ತಲ್ಲ ಅನ್ನಲಾ?"

"ಅಲ್ಲದೇ ಇದ್ರೆ ಅಲ್ಲ."

ಅವಳು ಸ್ಟೂಲಿನ ಮೇಲಿಂದ ನನ್ನನ್ನು ನೋಡಿದಳು. ಆ ಎತ್ತರದಲ್ಲೂ ಅವಳು ಕುಳ್ಳಗೆ ಕಂಡಳು. "ಮನುಷ್ಯರು ಕುಗ್ಗಲ್ಲ ಕಣೇ" ಎಂದಳು. ಸ್ವಲ್ಪ ತಡೆದು, "ಬಟ್ಟೆ ಕುಗ್ಗುತ್ತೆ" ಎಂದಳು.

ಮಾವ ಒಂದು ಬೆಳಿಗ್ಗೆ ಮರೆತ ಊಟದ ಡಬ್ಬಿಗೆ ವಾಪಸು ಬಂದರು. ಹಿತ್ತಲ ಬಾಗಿಲಲ್ಲಿ ಅವರಿಗೆ ಕಂಡದ್ದು ಇದು: ಹೆಂಡತಿ ಸ್ಟೂಲಿನ ಮೇಲೆ, ಒಂದು ಕೈ ಸೊಂಟಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಾಯರು ಕೆರೆಯುತ್ತ, ಪಕ್ಕದಲ್ಲಿ ಪಾಪ್ಲಿನ್ ನೋಡುತ್ತ. ಅವರು ಸದ್ದು ಮಾಡದೆ ಹಿಂದೆ ಸರಿಯಲು ನೋಡಿದರು. ಆದರೆ ಸೀನು ಬಿಡಬೇಕಲ್ಲ.

ಅತ್ತೆ ಇಳಿದಳು. ಸ್ಟೂಲಿನ ಮುಂದೆ ನಿಂತು ಅದನ್ನು ಮರೆಮಾಡಲು ನೋಡಿದಳು. ಸೀನು ಮುಗಿಯುವವರೆಗೆ ಇಬ್ಬರೂ ಮರ್ಯಾದೆಯಿಂದ ಕಾದರು.

"ಅದು... ಮೇಲ್ಗಡೆ ಜೇಡ ಬಲೆ ಕಟ್ಟಿತ್ತು" ಎಂದಳು.

ಮಾವ ಡಬ್ಬಿ ಮರೆತೇ ಹೋದರು. ಸಂಜೆ ಬಂದು ಗೂಡಿನ ನಾಲ್ಕೂ ಕಾಲು ಅಳೆದರು. ನಲವತ್ತು ಮತ್ತು ಒಂದು ಬೆರಳು, ಬರೆದುಕೊಂಡ ಹಾಗೆಯೇ. ಅಷ್ಟು ವರ್ಷದ ಕಸುಬಿನಲ್ಲಿ ಅವರು ಮಾಡಿದ ಒಂದು ಬಾಗಿಲೂ ವಾಪಸು ಬಂದಿರಲಿಲ್ಲ. ಅವರು ಬಿಟ್ಟಿದ್ದ ಆ ಬೆರಳಗಲವನ್ನು ಕೊಯ್ದರು. ಅತ್ತೆ ಕಿಟಕಿಯಿಂದ ನೋಡುತ್ತಿದ್ದಳು, ಬಂದು ಕೇಳಲಿಲ್ಲ. ಮರುದಿನ ಅವರು ಹೊರಡುವ ಹಾಗೆ ಮಾಡಿ ಗೇಟಿನ ಬಳಿ ನಿಂತರು. ಸ್ಟೂಲು ಜರಗುವ ಸದ್ದು ಕೇಳಿಸಿತು.

ಅವತ್ತು ಅವರಿಗೆ ಚಹಾ ಒಯ್ದಾಗ ಶೆಡ್ಡಿನಲ್ಲಿ ಗರಗಸದ ಸದ್ದಿರಲಿಲ್ಲ. ಮಾವ ಬೆಂಚಿನ ಮೇಲೆ ಕೂತು ಮರ ಕೀಸಿದ ಒಂದು ಸುರುಳಿಯನ್ನು ಕೈಯಲ್ಲಿ ಬಿಚ್ಚುತ್ತಿದ್ದರು. ಸಂಜೆಯ ಬೆಳಕು ಹೊಟ್ಟಿನ ದೂಳಿನಲ್ಲಿ ನಿಂತುಬಿಟ್ಟಿತ್ತು.

"ಮರದಲ್ಲಿ ತಪ್ಪಿಲ್ಲ" ಎಂದರು. ನನಗೆ ಹೇಳಿದ್ದೋ ಮರಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೊದಲು ನನ್ನ ಭುಜಕ್ಕೆ ಬರ್ತಿದ್ಲು" ಎಂದರು. ಚಹಾ ಕುಡಿದು ಲೋಟ ಕೊಟ್ಟರು. 

ಮೊದಲ ಭಾನುವಾರದ ಹಿಂದಿನ ದಿನ ಅವರು ಮಧ್ಯಾಹ್ನವೇ ಮನೆಗೆ ಬಂದರು. ಅತ್ತೆ ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

"ಟೇಪು ಕೊಡು."

"ಯಾಕೆ?"

"ಅಳೀಬೇಕು."

"ಏನನ್ನ?"

"ಬಾ ಇಲ್ಲಿ." ಬಾಗಿಲ ಚೌಕಟ್ಟಿನ ಪಕ್ಕ ಬೆರಳು ತೋರಿಸಿದರು.

ಅಲ್ಲಿ ಅತ್ತೆ ಊರಿನವರನ್ನೆಲ್ಲ ನಿಲ್ಲಿಸಿದ್ದಳು. ತಾನು ನಿಂತಿರಲಿಲ್ಲ. ಅವಳು ನನ್ನ ಕಡೆ ನೋಡಿದಳು, ನಾನು ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚಿದೆ. ಕೊನೆಗೆ ಟೇಪನ್ನು ಕತ್ತಿನಿಂದ ತೆಗೆದು ಕೊಟ್ಟಳು. ಅದು ಇಲ್ಲದ ಕತ್ತು ವಿಚಿತ್ರವಾಗಿ ಕಂಡಿತು.

"ಹಾಗಲ್ರೀ ಹಿಡಿಯೋದು! ತಲೆಕೆಳಗಾಗಿದೆ. ಒಂದು ಅನ್ನೋದು ನೆಲಕ್ಕೆ ಬರ್ಬೇಕು."

"ಗೊತ್ತು."

"ಗೊತ್ತಿದ್ರೆ ಹಿಡೀರಿ. ಅಯ್ಯೋ, ಎಳೀಬೇಡಿ, ಅದು ಹಗ್ಗ ಅಲ್ಲ."

ಹೀಗೆ ಬೈಯುತ್ತಲೇ ಅವಳು ಚೌಕಟ್ಟಿಗೆ ಒರಗಿ ನಿಂತಳು. ನಿಂತಳೆಂದರೆ ಅದೇನು ನಿಲುವು! ಗದ್ದ ಮೇಲೆ, ಎದೆ ಮುಂದೆ, ಭುಜ ಹಿಂದೆ, ಉಸಿರು ಒಳಗೆ. ಶಾಲೆಯ ಮೈದಾನದಲ್ಲಿ ಬಹುಮಾನಕ್ಕೆ ಕಾದ ಹುಡುಗಿಯ ಹಾಗೆ. ಮೊಣಕೈ ನಲವತ್ತಕ್ಕೆ ಇನ್ನೇನು ಮುಟ್ಟಿತು ಎನ್ನುವ ಹಾಗಿತ್ತು.

ಮಾವ ಟೇಪಿನ ತುದಿಯನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತರು. ಅಳೆಯಲಿಲ್ಲ. ಜೇಬು ತಡಕಿದರು. ಇನ್ನೊಂದು ಜೇಬು ತಡಕಿದರು.

"ಏನ್ರೀ?"

"ಪೆನ್ಸಿಲ್ ಎಲ್ಲೋ ಹೋಯ್ತು."

ಪೆನ್ಸಿಲ್ ಅವರ ಕಿವಿಯ ಹಿಂದೆಯೇ ಇತ್ತು. ನಾನು ಹೇಳಲು ಬಾಯಿ ತೆರೆದೆ. ಮಾವ ನನ್ನ ಕಡೆ ಒಂದು ನೋಟ ಹಾಕಿದರು. ಬಾಯಿ ಮುಚ್ಚಿದೆ.

ಅವರು ಹುಡುಕುತ್ತಲೇ ಇದ್ದರು. ಅಂಗಿಯ ಜೇಬು, ಪ್ಯಾಂಟಿನ ಜೇಬು, ಕಿಟಕಿಯ ಕಟ್ಟೆ, ಮಿಷನ್ನಿನ ಮೇಲಿನ ಡಬ್ಬಿಯ ಹಿಂದೆ ಕೂಡ ಕೈಚಾಚಿ ನೋಡಿದರು, ಟೇಪಿನ ಮೇಲಿಟ್ಟ ಕಾಲು ಮಾತ್ರ ತೆಗೆಯದೆ. ಗೋಡೆಯ ಗಡಿಯಾರ ತನ್ನಷ್ಟಕ್ಕೆ ಟಿಕ್ಕೆನ್ನುತ್ತಿತ್ತು. ಅತ್ತೆ ಕೆಲ ಹೊತ್ತು ಹಾಗೇ ನಿಂತಳು. ಆಮೇಲೆ ಹಿಡಿದ ಉಸಿರು ಮೊದಲು ಹೋಯಿತು. ಗದ್ದ ಇಳಿಯಿತು. ಭುಜಗಳು ತಮ್ಮ ಜಾಗ ನೆನಪಾದ ಹಾಗೆ ಮುಂದಕ್ಕೆ ಬಂದವು. ಬೆನ್ನು ನಿಧಾನವಾಗಿ, ಯಾರಿಗೂ ಹೇಳದೆ, ತನ್ನ ದಿನದ ಬಾಗಿಗೆ ಬಂದು ಕೂತಿತು. ಅವಳಿಗೆ ಗೊತ್ತಾಗಲಿಲ್ಲ. ಅವಳ ಕಣ್ಣು ಮಾವನ ಕಿವಿಯ ಮೇಲಿತ್ತು.

ಹೌದು, ಕಿವಿಯ ಮೇಲೆ. ಪೆನ್ಸಿಲ್ ಅವಳಿಗೂ ಕಾಣುತ್ತಿತ್ತು. ಅವಳೂ ಹೇಳಲಿಲ್ಲ.

"ಸಿಕ್ತು" ಎಂದರು ಮಾವ. ಟೇಪನ್ನು ಅವಳ ಮೊಣಕೈಗೆ ಹಿಡಿದು, ಬಗ್ಗಿ, ಅಂಕಿಯನ್ನು ನೋಡಿದರು. ಬರೆಯಲಿಲ್ಲ. ಓದಿ ಹೇಳಲೂ ಇಲ್ಲ. ಟೇಪನ್ನು ಸುತ್ತಿ ಅವಳ ಕೈಗೆ ಕೊಟ್ಟರು.

ಅವಳು ಅದನ್ನು ಕತ್ತಿಗೆ ಹಾಕಿಕೊಂಡು, "ಎಷ್ಟು?" ಎಂದು ಕೇಳಲಿಲ್ಲ. ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದಳು: "ಆ ಡ್ರಾಯರು ಒಂದೇ ಆದ್ರೆ ಭಾರ ಕಣ್ರೀ. ದೊಡ್ಡ ಬಟ್ಟೇನ ಒಂದೇ ತುಂಡಲ್ಲಿ ಹೊಲಿಯೋಕಾಗಲ್ಲ. ಮೂರು ಮಾಡಿ. ಒಂದೊಂದಾಗಿ ಎಳ್ಕೋತೀನಿ."

"ಮೊದಲೇ ಹೇಳ್ಬಾರ್ದಿತ್ತಾ?"

"ಮೊದಲೇ ಕೇಳ್ಬಾರ್ದಿತ್ತಾ?"

ಆ ಸಂಜೆ ಹಿತ್ತಲಲ್ಲಿ ಗರಗಸ ಆಡಿತು. ಮಾವ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಾಲು ಕೊಯ್ದರು. ಕೊಯ್ದ ತುಂಡುಗಳು ಹಾಲಿನ ಲೋಟದಷ್ಟು ಉದ್ದವಿದ್ದವು. ಅವನ್ನು ಅತ್ತೆ ನೋಡುವ ಮೊದಲೇ ಬೇಲಿಯಾಚೆ ಎಸೆದುಬಿಟ್ಟರು. ಡ್ರಾಯರು ಮೂರಾಯಿತು. ಗೂಡಿನ ಪಕ್ಕಕ್ಕೆ ಒಂದು ಕೊಕ್ಕೆ ಬಂತು. ಬಕೆಟ್ಟು ನೆಲದ ಮೇಲಲ್ಲ, ಅದಕ್ಕೆ ನೇತುಹಾಕಬೇಕು. ಹಳೆಯ ಪರದೆಯ ಕೋಲಿಗೆ ಗೋಡೆಯ ಹಳೆಯ ಬಣ್ಣ ಎಬ್ಬಿಸುವ ಅಲಗು ಕಟ್ಟಿ ಉದ್ದ ಹಿಡಿಯ ಕೆರೆಯುವ ಸಾಧನ ಮಾಡಿದರು, ಮೂಲೆಗೆ ಕೈಚಾಚುವುದೂ ತಪ್ಪಿತು. ಅತ್ತೆಯೂ ಸುಮ್ಮನೆ ಕೂರಲಿಲ್ಲ. ಮಿಷನ್ನಿನ ಮೇಲಿನ ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟಳು, ಮುಸುಕು ತೆಗೆದಳು. ಧಾನ್ಯ ಬರುವ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ, ಡ್ರಾಯರಿನ ಅಳತೆಗೆ ಕತ್ತರಿಸಿ, ಮೂಲೆಗಳಿಗೆ ಹಿಡಿಯಲು ಕಿವಿ ಹಾಕಿ ಮೂರು ಹಾಸು ಹೊಲಿದಳು. ಹಿಕ್ಕೆ ಮರಕ್ಕೆ ಅಂಟುವ ಹಾಗೇ ಇಲ್ಲ, ಕಿವಿ ಹಿಡಿದು ಎತ್ತಿದರೆ ಹಾಸಿನ ಸಮೇತ ಬಕೆಟ್ಟಿಗೆ. ನಾನು ಮಧ್ಯೆ ಮಧ್ಯೆ "ಬೆನ್ನು?" ಎಂದೆ. "ನೇರ ಗೆರೆ ತಾನೆ, ಕಣ್ಣು ಮುಚ್ಚಿ ಹೊಲೀತೀನಿ" ಎಂದು ಅವಳು ನಿಜಕ್ಕೂ ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ ಕೂತು ಮಿಷನ್ನು ತುಳಿದಳು. ಹೊಲಿಗೆ ಸ್ವಲ್ಪ ಸೊಟ್ಟಗಾಯಿತು. ಅದನ್ನೂ ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಅಂದು ಹೇಳದೆ ಬಿಟ್ಟದ್ದೇ ಹೆಚ್ಚು.

ಭಾನುವಾರ ಕೋಳಿ ಅಂಗಡಿಯವನು ಸೈಕಲ್ಲಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಬಂದ. ಹೊಟ್ಟೆ ಮುಂದೆ ಇರುವ, ಹಸನ್ಮುಖಿ ಮನುಷ್ಯ. ಬುಟ್ಟಿ ಬಿಚ್ಚಿ ಹಿತ್ತಲ ನೆಲದ ಮೇಲಿಟ್ಟು, "ಎಲ್ಲಿ ನಮ್ಮ ಹುಡುಗೀರು?" ಎಂದ.

ಅತ್ತೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳು ಗೂಡಿನ ಮುಂದೆ ನಿಂತಿದ್ದಳು. ಮೊದಲ ಡ್ರಾಯರು ಎಳೆದಳು. ಅದು ಅವಳ ಮೊಣಕೈಗಿಂತ ಒಂದು ಚೂರು ಕೆಳಗೆ, ಕೈ ತಾನಾಗಿ ಹೋಗಿ ಕೂರುವ ಜಾಗಕ್ಕೆ ಬಂದು ನಿಂತಿತು. ಹಾಸಿನ ಕಿವಿ ಹಿಡಿದು ಮಡಚಿ ಎತ್ತಿ ಪಕ್ಕದ ಬಕೆಟ್ಟಿಗೆ ಇಳಿಬಿಟ್ಟಳು. ಎರಡನೆಯದು. ಮೂರನೆಯದು. ಉದ್ದ ಹಿಡಿಯಿಂದ ಅಡ್ಡಕೋಲು ಕೆರೆದಳು. ಮರದ ಹೊಟ್ಟು ಹರಡಿದಳು, ಬಟ್ಟೆಯ ಮೇಲೆ ಸೀಮೆಸುಣ್ಣ ಉದುರಿಸುವ ಹಾಗೆ ಬೆರಳ ತುದಿಯಲ್ಲಿ. ಮಾವ ಬಾಗಿಲಿಗೆ ಒರಗಿ, ಅವಳ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದರು. ನಾನೂ ನೋಡಿದೆ. ಆ ಸಣ್ಣ ಗೆರೆ ಬರಲಿಲ್ಲ. ಕೆಲಸ ಮುಗಿದಾಗ ಅವಳು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಬೇಕಾಗಲಿಲ್ಲ. ಬಗ್ಗಿಯೇ ಇರಲಿಲ್ಲವಲ್ಲ.

ಮಾವ ಕೋಳಿ ಅಂಗಡಿಯವನ ಕಡೆ ತಿರುಗಿ, "ಸುಮ್ನೆ ಬರೋ ಹಾಗಾಯ್ತು ನಿಮಗೆ" ಎಂದರು.

"ಅಂದ್ರೆ? ಕೋಳಿ?"

"ಯಾವ ಕೋಳಿ?" ಎಂದಳು ಅತ್ತೆ. ಈಗಷ್ಟೇ ಅವನನ್ನು ಕಂಡವಳ ಹಾಗೆ ಕೈ ಒರೆಸಿಕೊಂಡಳು. "ಬಂದಿದ್ದು ಒಳ್ಳೇದೇ ಆಯ್ತು. ಈ ಬಕೆಟ್ಟು ಭಾರ. ನನಗೆ ಎತ್ತೋಕಾಗಲ್ಲ. ಒಂಚೂರು ಆ ನಿಂಬೆ ಗಿಡದ ಬುಡಕ್ಕೆ ಹಾಕ್ಬಿಡಿ."

ಎತ್ತೋಕಾಗಲ್ಲ ಎಂದು ಅವಳು ಇಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆ ಮನುಷ್ಯ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ, ಬಕೆಟ್ಟನ್ನು ಕೊಕ್ಕೆಯಿಂದ ಇಳಿಸಿ ಹೊತ್ತುಕೊಂಡು ಹೋದ. ಸುರಿದು, ಖಾಲಿ ಬಕೆಟ್ಟು ತಂದು ಮತ್ತೆ ಕೊಕ್ಕೆಗೆ ತಗುಲಿಸಿ, ಬುಟ್ಟಿ ಎತ್ತಿಕೊಳ್ಳಲು ತಿರುಗಿದ.

ಬುಟ್ಟಿಯಲ್ಲಿ ಮಖಮಲ್ಲು ಕೂತಿತ್ತು. ಒಳಗಿನ ಹುಲ್ಲನ್ನು ಕೊಕ್ಕಿನಿಂದ ಸರಿಮಾಡಿಕೊಂಡು, ಗರಿ ಉಬ್ಬಿಸಿ, ಎಲ್ಲೋ ದೂರ ನೋಡುತ್ತಿತ್ತು.

ಅವನು ಕೈಚಾಚಿದ.

"ಮುಟ್ಟಬೇಡಿ!" ಅತ್ತೆ ಕೂಗಿದಳು. "ಮೊಟ್ಟೆ ಇಡೋಕೆ ಕೂತಿದ್ದಾಳೆ. ಈಗ ಎಬ್ಬಿಸಿದ್ರೆ ಆಗುತ್ತಾ?"

"ಅಕ್ಕಾ, ನನಗೆ ಅಂಗಡಿ ತೆಗೀಬೇಕು. ಎಷ್ಟು ಹೊತ್ತಾಗುತ್ತೆ?"

"ಅದು ಅವಳನ್ನೇ ಕೇಳ್ಬೇಕು" ಎಂದಳು ಅತ್ತೆ. "ಕೂತ್ಕೊಳ್ಳಿ. ಪುಟ್ಟೀ, ಇವರಿಗೆ ಚಹಾ ತಾ."

ನಾನು ಚಹಾ ತಂದಾಗ ಕೋಳಿ ಅಂಗಡಿಯವನು ಹಿತ್ತಲ ಮೆಟ್ಟಿಲ ಮೇಲೆ, ತನ್ನ ಬುಟ್ಟಿಯಿಂದ ಗೌರವದ ದೂರದಲ್ಲಿ ಕೂತಿದ್ದ. ಮಖಮಲ್ಲು ಕಣ್ಣು ಅರೆಮುಚ್ಚಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.